"ನೋಡಿದೀರಾ ಸಾರ್?"

ಬೆಂಗಳೂರು ಚಿತ್ರೋತ್ಸವದ ದಿನಗಳಲ್ಲಿ ಚಿತ್ರಮಂದಿರದ ಕ್ಯೂನಲ್ಲಿ ಈತ ಸಿಕ್ಕೇ ಸಿಗುತ್ತಾನೆ. ಕೊರಳಲ್ಲಿ ಪಾಸು, ಹೆಗಲಿಗೆ ಬಟ್ಟೆಚೀಲ, ಕೈಯಲ್ಲಿ ಗೀಚಿ ಗೀಚಿ ಹರಿದ ವೇಳಾಪಟ್ಟಿ. ಹೆಸರು ಕೇಳುವುದಿಲ್ಲ, ಹೇಳುವುದೂ ಇಲ್ಲ. ಮುಂದೆ ನಿಂತವರ ಭುಜ ತಟ್ಟಿ ನೇರ ವಿಷಯಕ್ಕೇ ಬರುತ್ತಾನೆ: "ಲೆನಿನ್‌ಗ್ರಾಡ್ ಕೌಬಾಯ್ಸ್ ಗೋ ಅಮೆರಿಕ ನೋಡಿದೀರಾ ಸಾರ್?"

ಇಲ್ಲ ಅಂದವರು ಕೆಟ್ಟರು. ಹೂಂ ಅಂದವರು ಇನ್ನೂ ಕೆಟ್ಟರು. ಯಾವ ಸೀನು ಹಿಡಿಸಿತು ಅಂತ ಮೌಖಿಕ ಪರೀಕ್ಷೆ ಶುರು.

ಫಿನ್‌ಲೆಂಡಿನ ಅಕಿ ಕೌರಿಸ್ಮಾಕಿ 1989ರಲ್ಲಿ ತೆಗೆದ ಚಿತ್ರವದು. ಹಿಮದ ಸೀಮೆಯ ಒಂದು ಬೇಸುರ ಬ್ಯಾಂಡು, ಕೊಂಬಿನ ಹಾಗೆ ಮುಂದಕ್ಕೆ ಚಾಚಿದ ಜುಟ್ಟು, ಅಷ್ಟೇ ಉದ್ದದ ಮೂತಿಯ ಬೂಟು. ಊರಲ್ಲಿ ಕೇಳುವವರಿಲ್ಲದೆ ಅಮೆರಿಕಕ್ಕೆ ಹೊರಡುತ್ತಾರೆ. ರಾತ್ರಿಯಿಡೀ ಹೊರಗೆ ತಾಲೀಮು ಮಾಡಿ ಹೆಪ್ಪುಗಟ್ಟಿದ ಗಿಟಾರಿನವನೂ ಶವಪೆಟ್ಟಿಗೆಯಲ್ಲಿ ಜೊತೆಗೇ ಬರುತ್ತಾನೆ, ಕಾರಿನ ತಲೆಯ ಮೇಲೆ. ಆ ಹಳೇ ಕಾರು ಮಾರುವವನ ಪಾತ್ರದಲ್ಲಿ ಇನ್ನೊಬ್ಬ ನಿರ್ದೇಶಕ ಜಿಮ್ ಜಾರ್ಮುಷ್.

ತಮಾಷೆಯೆಂದರೆ ಪರದೆಯ ಮೇಲೆ ಯಾರೂ ನಗುವುದಿಲ್ಲ, ಹುಬ್ಬೂ ಹಾರಿಸುವುದಿಲ್ಲ. ಅವರೆಲ್ಲರ ಪಾಲಿನ ನಗುವನ್ನು ಕ್ಯೂನಲ್ಲಿ ಈತನೇ ನಗುತ್ತಾನೆ. ಅದೂ ಹೇಳುವ ಮೊದಲೇ. ಪೆಟ್ಟಿಗೆ, ಜುಟ್ಟು ಎಂದು ತೊದಲಿ, ಹೊಟ್ಟೆ ಹಿಡಿದು ಬಾಗಿ, ಕಣ್ಣೊರೆಸಿಕೊಂಡು, ಮತ್ತೆ ಮೊದಲಿನಿಂದ. ಕೇಳುವವರು ಪೆಚ್ಚಾಗಿ ಹಲ್ಲು ಕಿರಿಯಬೇಕು. ಕೊನೆಗೆ ಗುಟ್ಟೂ ಉಳಿಸುವುದಿಲ್ಲ: "ಮೆಕ್ಸಿಕೋದ ಮದುವೇಲಿ ಟಕೀಲಾ ಬಾಯಿಗೆ ಬಿತ್ತು ನೋಡಿ, ಹೆಣ ಎದ್ದೇಬಿಡ್ತು ಸಾರ್!" ಇನ್ನು ನೋಡುವುದೇನು ಮಣ್ಣು? (ಇಲ್ಲೂ ಅದೇ ಆಯಿತು, ಓದುಗರು ಕ್ಷಮಿಸಬೇಕು. ಅಂಟುಜಾಡ್ಯ.)

ಮನೆಯಲ್ಲಿ ಹಾಕಿದರೆ ಹೆಂಡತಿಗೆ ನಿದ್ದೆ, ಮಗನಿಗೆ ಮೊಬೈಲು. ಅದನ್ನೂ ಆತನೇ ಹೇಳಿಕೊಳ್ಳುತ್ತಾನೆ, ದೂರಿಲ್ಲದ ದನಿಯಲ್ಲಿ. ಜಾಗ ಬಿಟ್ಟು ಓಡಲಾರದ ಕ್ಯೂನವರೇ ಗತಿ. ಅವರಲ್ಲಿ ಒಬ್ಬಿಬ್ಬರು, ಪಾಪ, ಮುಂದೆಂದೋ ರಜೆಯ ರಾತ್ರಿ ಅದನ್ನು ಹುಡುಕಿ ನೋಡುತ್ತಾರೆ, ಗುಟ್ಟು ಗೊತ್ತಿದ್ದೂ ಬಿದ್ದು ಬಿದ್ದು ನಗುತ್ತಾರೆ. ಆತನಿಗೆ ತಿಳಿಸೋಣವೆಂದರೆ ಫೋನ್ ನಂಬರೂ ಇಲ್ಲ.

ಬಾಗಿಲು ತೆರೆದದ್ದೇ ಸೀಟಿಗೆಂದು ಓಡಿದವರಿಗೆ ಒಂದು ಮಾತು ತಪ್ಪಿಹೋಯಿತು. ಇದೇ ಬೇಸುರ ಬ್ಯಾಂಡು 1993ರಲ್ಲಿ ಹೆಲ್ಸಿಂಕಿಯ ಸೆನೆಟ್ ಚೌಕದಲ್ಲಿ, ರಷ್ಯದ ಸೇನೆಯ ಅಲೆಕ್ಸಾಂಡ್ರೋವ್ ಗಾಯನಮೇಳದ ಜೊತೆ ನಿಂತು, ನಿಜವಾಗಿಯೂ ಕಛೇರಿ ಕೊಟ್ಟಿತು. ಕೌರಿಸ್ಮಾಕಿ ಅದನ್ನೂ ಚಿತ್ರ ಮಾಡಿದ, 'ಟೋಟಲ್ ಬಾಲಲೈಕಾ ಶೋ'. ಅದರ ಕಥೆಯನ್ನು ಮಾತ್ರ ಕ್ಯೂನ ಆತ ಪೂರ್ತಿ ಹೇಳಬಹುದಿತ್ತು, ಬಯಲಾಗಲು ಗುಟ್ಟೇ ಇಲ್ಲವಲ್ಲ.