ಡೆಕ್ಕಪ್ಪನವರ ಮಡಿ

ಅಮೆರಿಕದಲ್ಲಿ ಕನ್ನಡದವರು ಹತ್ತು ಮನೆ ಮಾಡಿಕೊಂಡ ಕಡೆಯೆಲ್ಲ ಒಬ್ಬ ಡೆಕ್ಕಪ್ಪ ಇದ್ದೇ ಇರುತ್ತಾನೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಅದು ಆಫೀಸಿನ ಬ್ಯಾಡ್ಜಿನಲ್ಲಿ ಅರ್ಧಕ್ಕೆ ತುಂಡಾಗಿ ನೇತಾಡುತ್ತಿರುತ್ತದೆ. ನಾನು ಹೇಳುತ್ತಿರುವ ಡೆಕ್ಕಪ್ಪನವರು ನಾರ್ತ್ ಕೆರೊಲಿನಾದ ಕ್ಯಾರಿಯವರು, ನಮ್ಮ ಬೀದಿಯವರೇ. ಊರಲ್ಲಿದ್ದಾಗ ಒಂದು ಮೊಳೆ ಹೊಡೆದವರಲ್ಲ. ಕ್ಯಾಲೆಂಡರ್ ನೇತುಹಾಕಬೇಕಾದರೂ ಅವರಪ್ಪ ಆಚಾರಿಗೆ ಹೇಳಿಕಳಿಸುತ್ತಿದ್ದರಂತೆ. ಇಲ್ಲಿ ಮನೆ ಕೊಂಡು, ಅದರ ಬೆನ್ನಿಗೆ ಹನ್ನೆರಡಡಿ ಅಗಲ, ಹದಿನಾರಡಿ ಉದ್ದದ ಮರದ ಡೆಕ್ ಒಂದರ ಯಜಮಾನರಾದ ಮೇಲೆ, ಬಡಗಿ ಗಂಟೆಗೆ ಕೇಳುವ ಡಾಲರನ್ನು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ ನೋಡಿದರು. ಗುಣಾಕಾರ ಮುಗಿಯುವಷ್ಟರಲ್ಲಿ ತಾವೇ ಬಡಗಿಯಾಗಿದ್ದರು.

ಡೆಕ್ ಎಂದರೆ ಅಡಿಗೆಮನೆಯ ಹಿಂಬಾಗಿಲಿಂದ ಹಿತ್ತಲಿನ ಕಡೆ ಚಾಚಿಕೊಂಡ ಹಲಗೆಯ ಜಗಲಿ. ಸೂರಿಲ್ಲ. ಎಲ್ಲ ತಾಪತ್ರಯದ ಮೂಲ ಅದೇ. ನಮ್ಮ ಮಲೆನಾಡಿನಲ್ಲಿ ಮಾಡನ್ನು ತಲೆಗೆ ಬಡಿಯುವಷ್ಟು ಇಳಿಬಿಟ್ಟು ಜಗಲಿಯನ್ನು ಮಳೆಯಿಂದ ಕಾಪಾಡುತ್ತಾರೆ. ಇಲ್ಲಿ ಪೈನ್ ಮರದ ಹಲಗೆಯನ್ನು ಬಿಸಿಲು, ಮಳೆ, ಹಿಮ ಮೂರಕ್ಕೂ ಬಯಲಲ್ಲಿ ಹಾಸಿ, ಆಮೇಲೆ ಅದು ಹಾಳಾಗದಿರಲಿ ಅಂತ ಜನ್ಮವಿಡೀ ಕಾಯುತ್ತಾರೆ. ಈ ಏರ್ಪಾಡಿನಲ್ಲೇ ಏನೋ ಐಬಿದೆ ಅಂತ ತೀರ್ಥಹಳ್ಳಿಯಿಂದ ಬಂದ ಡೆಕ್ಕಪ್ಪನವರ ತಾಯಿ ಮೊದಲ ದಿನವೇ ಹೇಳಿದ್ದರು. "ಇದಕ್ಕೆ ಒಂದು ಮಾಡು ಇಳಿಸಿಬಿಡೋಕೆ ಏನು ಧಾಡಿ ಮಾರಾಯ?" ಮಗ ಉತ್ತರ ಕೊಡಲಿಲ್ಲ. ಮಾಡು ಇಳಿಸಿಬಿಟ್ಟರೆ ಡೆಕ್ಕಪ್ಪನವರಿಗೆ ಶನಿವಾರ ಏನು ಕೆಲಸ?

ಇವರ ಸಂವತ್ಸರ ಶುರುವಾಗುವುದು ಮಾರ್ಚ್ ಕೊನೆಯಲ್ಲಿ. ಆಗ ಇಲ್ಲಿಯ ಪೈನ್ ಮರಗಳು ಪರಾಗ ಉದುರಿಸುತ್ತವೆ. ಕಾರು, ಅಂಚೆಡಬ್ಬ, ಪಕ್ಕದ ಮನೆಯ ನಾಯಿ, ಎಲ್ಲಕ್ಕೂ ಹಳದಿ ಪುಡಿ. ಊರವರೆಲ್ಲ ಸೀನುತ್ತಾ ಒಳಗೆ ಕೂತಿರುವಾಗ ಡೆಕ್ಕಪ್ಪನವರು ಮೂತಿಗೆ ಮಾಸ್ಕ್ ಕಟ್ಟಿ, ಸ್ಕ್ರೂಡ್ರೈವರ್ ಹಿಡಿದು ಡೆಕ್ಕಿನ ಅಡಿಗೆ ನುಸುಳುತ್ತಾರೆ. ಕಂಬದ ಬುಡ, ಮೆಟ್ಟಿಲಿನ ಸಂದು, ಡೆಕ್ಕನ್ನು ಮನೆಯ ಗೋಡೆಗೆ ಕಚ್ಚಿಸಿರುವ ಲೆಡ್ಜರ್ ಹಲಗೆ, ಎಲ್ಲವನ್ನೂ ತಿವಿದು ನೋಡುತ್ತಾರೆ. ಟಕ್ ಅಂದರೆ ಗಟ್ಟಿ. ಮೊನೆ ಮೆತ್ತಗೆ ಇಳಿದರೆ ಒಳಗೆ ಕೊಳೆತಿದೆ ಅಂತ ಲೆಕ್ಕ. ಅಮೆರಿಕದಲ್ಲಿ ಡೆಕ್ ಕುಸಿದು ಜನ ಬಿದ್ದಾಗ ಎಷ್ಟೋ ಸಲ ಕೈಕೊಟ್ಟದ್ದು ಈ ಲೆಡ್ಜರೇ. ಬೋಲ್ಟು ಹಾಕಬೇಕಾದ ಕಡೆ ಬರೀ ಮೊಳೆ ಹೊಡೆದು ಕೈತೊಳೆದುಕೊಂಡಿರುತ್ತಾರೆ. ಉಪಯುಕ್ತ ವಿಷಯ, ಇಲ್ಲವೆನ್ನಲಾರೆ. ಆದರೆ ಡೆಕ್ಕಪ್ಪನವರು ಇದನ್ನು ಹೇಳುವುದು ನಿಮ್ಮ ಮನೆಗೆ ಊಟಕ್ಕೆ ಬಂದಾಗ, ನಿಮ್ಮ ಡೆಕ್ ಮೇಲೆ ಇಪ್ಪತ್ತು ಜನ ತಟ್ಟೆ ಹಿಡಿದು ನಿಂತಿರುವಾಗ.

ಏಪ್ರಿಲ್‌ನಲ್ಲಿ ಮರ ಕೊರೆಯುವ ದುಂಬಿ ಬರುತ್ತದೆ. ಕಟಕಟೆಯ ಅಡಿಭಾಗದಲ್ಲಿ ಸುಮಾರು ಅರ್ಧ ಇಂಚಿನ, ಡ್ರಿಲ್ಲಿನಲ್ಲೂ ಬಾರದಷ್ಟು ದುಂಡನೆಯ ತೂತು ಕೊರೆದು ಮೊಟ್ಟೆ ಇಡುತ್ತದೆ. ಆ ಮರಿಗಳನ್ನು ತಿನ್ನಲು ಮರಕುಟಿಗ ಬಂದು ಅರ್ಧ ಇಂಚನ್ನು ಅರ್ಧ ಅಡಿ ಮಾಡುತ್ತದೆ. ಡೆಕ್ಕಪ್ಪನವರು ಹಳೆಯ ಬ್ಯಾಡ್ಮಿಂಟನ್ ರಾಕೆಟ್ ಹಿಡಿದು ಕಾವಲು ನಿಲ್ಲುತ್ತಾರೆ. "ಎದುರಿಗೆ ಬಂದು ಗುಂಯ್ ಅಂತ ಹೆದರಿಸೋದು ಗಂಡು. ಅದಕ್ಕೆ ಕೊಂಡೀನೇ ಇಲ್ಲ. ತೂತು ಕೊರೆಯೋದು, ಮನೆ ಕಟ್ಟೋದು, ಎಲ್ಲ ಹೆಣ್ಣೇ" ಅಂತ ಒಮ್ಮೆ ನಮಗೆಲ್ಲ ವಿವರಿಸಿದರು. ಅವರ ಹೆಂಡತಿ ಏನೂ ಅನ್ನದೆ ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಜೋಡಿಸಿದರು.

ನಂತರದ್ದು ನೀರಿನ ಪರೀಕ್ಷೆ. ಹಲಗೆಯ ಮೇಲೆ ನಾಲ್ಕು ಹನಿ ನೀರು ಬಿಡಬೇಕು. ಹನಿ ಮುತ್ತಾಗಿ ನಿಂತರೆ ಹಳೆಯ ಲೇಪ ಇನ್ನೂ ಜೀವಂತ. ಹಲಗೆ ಬೇಗ ಕುಡಿದುಬಿಟ್ಟರೆ ಬಳಿಯುವ ಕಾಲ ಬಂತು. ಯಾವ ಲೋಟದಲ್ಲಾದರೂ ಮಾಡಬಹುದಾದ ಪರೀಕ್ಷೆ. ಹನಿ ಸರಿಯಾಗಿ ಬೀಳಬೇಕಲ್ಲ ಅಂತ ಡೆಕ್ಕಪ್ಪನವರು ದೇವರಮನೆಯಿಂದ ಪಂಚಪಾತ್ರೆ, ಉದ್ಧರಣೆ ತಂದುಕೊಂಡರು. ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಉದ್ಧರಣೆ, ಇನ್ನೊಂದರಲ್ಲಿ ಫೋನಿನ ಗಡಿಯಾರ. ಕಿಟಕಿಯಿಂದ ನೋಡಿದ ಅಮ್ಮ, ಮಗ ಕೊನೆಗೂ ಸಂಧ್ಯಾವಂದನೆಗೆ ಮರಳಿದ ಅಂತ ಕಣ್ಣೊರೆಸಿಕೊಂಡರು. ವಿಷಯ ತಿಳಿದ ಮೇಲೆ ಉದ್ಧರಣೆಯನ್ನು ಹುಣಿಸೆಹಣ್ಣು ಹಾಕಿ ಎರಡು ಸಲ ತೊಳೆದರು.

ಆ ತಾಯಿ ಊರಲ್ಲಿ ಅರವತ್ತು ವರ್ಷ ಮಡಿ ಮಾಡಿದವರು. ಅಮೆರಿಕಕ್ಕೆ ಹೊರಟಾಗ ವಿಮಾನದಲ್ಲೇ ಅದಕ್ಕೆ ಎಳ್ಳುನೀರು ಬಿಟ್ಟು, ಗಗನಸಖಿ ಕೊಟ್ಟ ಬ್ರೆಡ್ಡು ತಿಂದು, ಹಗುರಾಗಿ ಇಳಿದರು. ಇಳಿದು ನೋಡಿದರೆ ಮಗನ ಮನೆಯಲ್ಲಿ ಅದಕ್ಕಿಂತ ಕಟ್ಟುನಿಟ್ಟಿನ ಮಡಿ. ಡೆಕ್ ತೊಳೆದ ಮೇಲೆ 48 ಗಂಟೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಒದ್ದೆ ಕಾಲು, ಮಣ್ಣಿನ ಚಪ್ಪಲಿ, ಐಸ್‌ಕ್ರೀಮ್ ಹಿಡಿದ ಮಗು, ಎಲ್ಲವೂ ಮೈಲಿಗೆ. ಹೂಕುಂಡ ಇಟ್ಟಲ್ಲಿ ಉಂಗುರದ ಕಲೆ ಬಿದ್ದರೆ ಆ ಕುಂಡಕ್ಕೆ ಬಹಿಷ್ಕಾರ. ಅಜ್ಜಿಯ ಮಡಿಕೋಲಿನ ಜಾಗದಲ್ಲಿ ಉದ್ದ ಹಿಡಿಯ ಬ್ರಷ್ ಬಂದಿದೆ, ನಿರ್ಣಯಸಿಂಧುವಿನ ಜಾಗದಲ್ಲಿ 'ವುಡ್ ಹ್ಯಾಂಡ್‌ಬುಕ್'. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ 1910ರಿಂದ ಸರ್ಕಾರಿ ಅರಣ್ಯ ಇಲಾಖೆಯ ಒಂದು ಪ್ರಯೋಗಾಲಯವಿದೆ. ಮರ ಯಾಕೆ ಬಿರಿಯುತ್ತದೆ, ಯಾಕೆ ಕೊಳೆಯುತ್ತದೆ, ಬಣ್ಣ ಯಾಕೆ ಏಳುತ್ತದೆ ಅಂತ ನೋಡುವುದೇ ಅಲ್ಲಿಯವರ ಕಸುಬು. ಆ ಪುಸ್ತಕ ಅವರದು. ಡೆಕ್ಕಪ್ಪನವರು ರಾತ್ರಿ ಮಲಗುವ ಮುಂಚೆ ಅದರಲ್ಲಿ ಎರಡು ಪುಟ ಓದುತ್ತಾರೆ.

"ಬಿಸಿಲಿಗೆ ಮರದ ಮೇಲ್ಮೈಯಲ್ಲಿರೋ ಲಿಗ್ನಿನ್ ಒಡೆಯುತ್ತೆ ಸಾರ್, ಮಳೆಗೆ ತೊಳೆದುಹೋಗುತ್ತೆ. ಉಳಿಯೋದು ಬರೀ ಬೂದು ನಾರು. ಅದರ ಮೇಲೆ ಏನು ಬಳಿದರೂ ನಿಲ್ಲಲ್ಲ. ಮೊದಲು ಅದನ್ನ ತೆಗೀಬೇಕು." ತೆಗೆಯಲು ಸೋಡಿಯಂ ಪರ್‌ಕಾರ್ಬೊನೇಟ್ ಪುಡಿಯನ್ನು ಬಿಸಿನೀರಲ್ಲಿ ಕದಡಿ ಸುರಿದು, ನೊರೆಯೆದ್ದ ಮೇಲೆ ಬ್ರಷ್ ಹಾಕಿ ತಿಕ್ಕಬೇಕು. ಆಮೇಲೆ ಆಕ್ಸಾಲಿಕ್ ಆಮ್ಲದ ತೆಳು ನೀರು. ಮೊಳೆಯ ಸುತ್ತ ಕಬ್ಬಿಣ ಬಿಟ್ಟ ಕಪ್ಪು ಕಲೆ ಅದಕ್ಕೆ ಕರಗಿ, ಹಲಗೆ ಮತ್ತೆ ಹೊಂಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ತಿರುಗುವುದನ್ನು ನಾನೂ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಡೆಕ್ಕಪ್ಪನವರ ಹುಚ್ಚಿಗೆ ಕಾರಣವಿಲ್ಲ ಅಂತ ಅವತ್ತಿನಿಂದ ನಾನು ಹೇಳುವುದಿಲ್ಲ.

ಪ್ರೆಶರ್ ವಾಷರ್ ಅಂದರೆ ಮಾತ್ರ ಅವರಿಗೆ ಮೈ ಉರಿಯುತ್ತದೆ. ಎದುರು ಮನೆಯ ಡಾಕ್ಟರು ಅದನ್ನು ಬಾಡಿಗೆಗೆ ತಂದು, ಕಾಂಕ್ರೀಟು ತೊಳೆಯುವ ಸಣ್ಣ ಮೂತಿ ಸಿಕ್ಕಿಸಿ, ತಮ್ಮ ಡೆಕ್ ಮೇಲೆ ಒಂದು ಭಾನುವಾರ ಬಿಟ್ಟಿದ್ದರು. ಮೆದು ಮರ, ನಾರೆಲ್ಲ ಎದ್ದು ನಿಂತಿತು. ಅವರ ಕೈ ಓಡಾಡಿದ ದಾರಿಯೆಲ್ಲ ಗೀರಾಗಿ ಇವತ್ತಿಗೂ ಕಾಣುತ್ತದೆ. ಊರಿಗೆ ಯಾರೇ ಹೊಸಬರು ಬರಲಿ, ಡೆಕ್ಕಪ್ಪನವರು ಮೊದಲು ಅಲ್ಲಿಗೆ ಕರೆದೊಯ್ದು ತೋರಿಸುತ್ತಾರೆ. ಡಾಕ್ಟರು ಪಾಪ, ಕಾಫಿ ಕೊಡುತ್ತಾರೆ.

ಒಂದು ಸಂಜೆ ಅವರ ಮನೆಯಲ್ಲೇ ಊಟ. ಮೆಣಸಿನಕಾಯಿ ಬೋಂಡ ಬಂದಿತ್ತು. ಹೊಸದಾಗಿ ಮನೆ ಕೊಂಡ ಹುಡುಗನನ್ನು ಹಿಡಿದು ಕೇಳಿದರು.

"ನಿಮ್ಮನೆ ಯಾವ ವರ್ಷದ್ದು?"

"1999 ಸಾರ್."

"ಡೆಕ್ಕೂ ಆಗಿಂದೇನಾ?"

"ಹೌದು ಸಾರ್, ಅದೇ ಹಳೇದು."

ಡೆಕ್ಕಪ್ಪನವರು ಬೋಂಡ ಕೆಳಗಿಟ್ಟರು. "ಹಾಗಾದ್ರೆ ಅದರಲ್ಲಿ ಆರ್ಸೆನಿಕ್ ಇರುತ್ತೆ."

ಹುಡುಗನ ಬಾಯಿ ನಿಂತಿತು. ಮಾತು ಸುಳ್ಳಲ್ಲ. 2003ರ ಕೊನೆಯವರೆಗೆ ಮನೆಗಳ ಡೆಕ್ಕಿಗೆ ಬರುತ್ತಿದ್ದ ಪೈನ್ ಮರಕ್ಕೆ ಗೆದ್ದಲು, ಬೂಷ್ಟು ಹತ್ತದಿರಲೆಂದು ಸಾಮಾನ್ಯವಾಗಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರನ್ನೂ ಒತ್ತಡದಲ್ಲಿ ತುಂಬುತ್ತಿದ್ದರು. ಆಮೇಲೆ ಮನೆಬಳಕೆಗೆ ಅದನ್ನು ನಿಲ್ಲಿಸಿ, ತಾಮ್ರದ ಬೇರೆ ಮದ್ದುಗಳಿಗೆ ಹೋದರು. "ಹೆದರಬೇಡಿ. ಉಜ್ಜಬೇಡಿ, ಸುಡಬೇಡಿ, ನಾನು ಹಾಕೋ ಪುಡಿ ನೀವು ಹಾಕಬೇಡಿ. ಎಣ್ಣೆ ಸ್ಟೇನ್ ತಪ್ಪದೆ ಬಳೀತಿರಿ. ನಮ್ಮದು 2006ರದ್ದು, ನೀವು ಆರಾಮಾಗಿ ತಿನ್ನಿ." ಹುಡುಗ ತಿನ್ನಲಿಲ್ಲ. ಅವನ ಹೆಂಡತಿ ಆಗಲೇ ಮಗುವಿನ ಕೈ ತೊಳೆಸುತ್ತಿದ್ದಳು.

ಸ್ಟೇನ್ ಬಳಿಯುವ ಮುಹೂರ್ತಕ್ಕೆ ಪಂಚಾಂಗ ಬೇಕಿಲ್ಲ, ಹವಾಮಾನದ ಮೂರು ಆಪ್‌ಗಳು ಬೇಕು. ಉಷ್ಣಾಂಶ 50ಕ್ಕಿಂತ ಇಳಿಯಬಾರದು, 90 ಫ್ಯಾರನ್‌ಹೀಟ್ ದಾಟಬಾರದು. ಹಲಗೆಯ ಮೇಲೆ ನೇರ ಬಿಸಿಲು ಬೀಳಬಾರದು. ಎರಡು ದಿನ ಮಳೆ ಬರಬಾರದು. ಕೆರೊಲಿನಾದ ಬೇಸಿಗೆಯಲ್ಲೋ, ಮಧ್ಯಾಹ್ನ ನಾಲ್ಕಾದರೆ ಗುಡುಗು. ಇಷ್ಟೆಲ್ಲ ಕೂಡಿಬರುವ ದಿನ ಸೋಮವಾರವೇ ಆಗಿರುತ್ತದೆ. ಮಗಳ ಗ್ರಾಜುಯೇಶನ್ನಿಗೆ ಅರ್ಧ ದಿನ ರಜ ಹಾಕಿದವರು ಇದಕ್ಕೆ ಎರಡು ದಿನ ಹಾಕುತ್ತಾರೆ.

ಹಲಗೆ ಒಣಗಿದೆಯೇ ಅಂತ ನೋಡಲು ಎರಡು ಸೂಜಿಯ ಮೀಟರ್ ಬೇರೆ ಇದೆ. ಚುಚ್ಚಿದರೆ ತೇವ ಶೇಕಡಾ ಎಷ್ಟು ಅಂತ ತೋರಿಸುತ್ತದೆ. 15ರ ಕೆಳಗೆ ಬಂದರೆ ಬಳಿಯಬಹುದು. ಒಂದು ದಿನ ಅಮ್ಮ, ಮಗ ಆಫೀಸಿಗೆ ಹೋದ ಹೊತ್ತು ನೋಡಿ, ಹಳೆ ಪಂಚೆ ಹಾಸಿ ಡೆಕ್ ಮೇಲೆ ಅರಳು ಸಂಡಿಗೆ ಇಟ್ಟಿದ್ದರು. ಮಗ ಬೇಗ ಬಂದುಬಿಟ್ಟರು. ಕೂಗಾಡಲಿಲ್ಲ. ಪಂಚೆಯ ಪಕ್ಕ ಕೂತು, ಒಂದು ಸಂಡಿಗೆಗೆ ಮೀಟರ್ ಚುಚ್ಚಿದರು.

"18 ತೋರಿಸ್ತಿದೆ ಅಮ್ಮ. ಇನ್ನೊಂದು ಬಿಸಿಲು ಬೇಕು."

"ಅದನ್ನ ನನ್ನ ಬೆರಳು ಹೇಳುತ್ತೆ ಕಣೋ. ಎತ್ತು ಆ ಸೂಜಿ."

ಬೆರಳಲ್ಲಿ ಮುಟ್ಟಿ ನೋಡಿ, "ಇನ್ನೊಂದು ಬಿಸಿಲು ಬೇಕು" ಅಂದರು ಅಮ್ಮ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ.

ಅಮ್ಮನ ಸಲಹೆ ಒಂದೇ, ಗೇರೆಣ್ಣೆ. ಅವರ ತವರಲ್ಲಿ ಬಾಗಿಲು, ಕಂಬ, ಅಟ್ಟದ ಹಲಗೆಗೆಲ್ಲ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಮರ ಕರ್ರಗಾಗುತ್ತಿತ್ತು, ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಬಳಿದವನ ಕೈಗೆ ಮಾತ್ರ ಬೊಬ್ಬೆ ಬರುತ್ತಿತ್ತು. ಡೆಕ್ಕಪ್ಪನವರು ಈ ಸಲಹೆಯನ್ನು ಗಂಭೀರವಾಗಿ ಪರಿಶೀಲಿಸಿದರು. ಕೊನೆಗೆ, ಕರಿ ಬಣ್ಣಕ್ಕೆ ಎಚ್‌ಒಎ, ಅಂದರೆ ಬಡಾವಣೆಯ ಸಂಘ, ಒಪ್ಪುವುದಿಲ್ಲ ಅಂತ ಕೈಬಿಟ್ಟರು. ಅವರ ಆಯ್ಕೆ ಯಾವಾಗಲೂ ಅರೆಪಾರದರ್ಶಕ ಸ್ಟೇನ್. ಪೂರ್ತಿ ಪಾರದರ್ಶಕವಾದದ್ದು ಬಿಸಿಲನ್ನು ತಡೆಯುವುದಿಲ್ಲ, ದಪ್ಪ ಬಣ್ಣ ಮರದ ಗೆರೆಯನ್ನೇ ಮುಚ್ಚಿ ಆಮೇಲೆ ಚಕ್ಕೆಯೇಳುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ತಮ್ಮ ತಲೆಗೂದಲಿಗೆ ಬಣ್ಣ ಹಚ್ಚುವುದನ್ನು ಅವರು ಎಂದೋ ಬಿಟ್ಟರು, ಇದನ್ನು ಬಿಟ್ಟಿಲ್ಲ.

ಬಳಿಯುವಾಗ ಮಂತ್ರ ಒಂದೇ, "ಕುಡಿಯುವಷ್ಟು ಕುಡಿಸು, ಮಿಕ್ಕಿದ್ದನ್ನು ಒರೆಸು." ಒರೆಸದೆ ಬಿಟ್ಟರೆ ಎಣ್ಣೆ ಮೇಲೆಯೇ ನಿಂತು ವಾರಗಟ್ಟಲೆ ಅಂಟುತ್ತದೆ. ಒರೆಸಿದ ಬಟ್ಟೆಯದು ಇನ್ನೊಂದು ಕಥೆ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಹೀರಿದ ಚಿಂದಿಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ, ಗಾಳಿಯ ಆಮ್ಲಜನಕದ ಜತೆ ಸೇರಿ ಒಳಗೊಳಗೇ ಕಾದು, ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಬೇಕು. ಡೆಕ್ಕಪ್ಪನವರು ಚಿಂದಿಗಳನ್ನು ಬೇಲಿಯ ಮೇಲೆ ಕ್ಲಿಪ್ ಹಾಕಿ ಸಾಲಾಗಿ ಹರವಿದರು. ಮೂರನೇ ದಿನ ಎಚ್‌ಒಎಯಿಂದ ಕಾಗದ ಬಂತು, ಬೇಲಿಯ ಮೇಲೆ ಒಳಉಡುಪು ಒಣಹಾಕುವಂತಿಲ್ಲವೆಂದು. ಡೆಕ್ಕಪ್ಪನವರು ಬರೆದ ಉತ್ತರದಲ್ಲಿ ಆಕ್ಸಿಡೀಕರಣದ ರಾಸಾಯನಿಕ ವಿವರಣೆಯೂ, ಅವು ಬನಿಯನ್ ಆಗಿದ್ದದ್ದು ಹಿಂದಿನ ಜನ್ಮದಲ್ಲಿ ಎಂಬ ಸ್ಪಷ್ಟೀಕರಣವೂ ಇತ್ತು.

ಅವರ ಹೆಂಡತಿ ಈ ವರ್ಷ ಒಂದು ತೀರ್ಮಾನಕ್ಕೆ ಬಂದರು. ಮರದ ಹೊಟ್ಟು, ಪ್ಲಾಸ್ಟಿಕ್ ಬೆರೆಸಿದ ಕಾಂಪೊಸಿಟ್ ಹಲಗೆ ಈಗ ಎಲ್ಲ ಕಡೆ ಸಿಗುತ್ತದೆ. ಬಣ್ಣ ಬೇಡ, ಎಣ್ಣೆ ಬೇಡ, ಸೋಪುನೀರಲ್ಲಿ ತೊಳೆದರಾಯಿತು. ಗಂಡನ ಮುಂದೆ ಆ ಹೆಸರೆತ್ತಿದರೆ, "ಪ್ಲಾಸ್ಟಿಕ್ ಮೇಲೆ ಕೂತು ಕಾಫಿ ಕುಡಿಯೋದಾ?" ಎಂಬ ಉತ್ತರ. ಅವರು ಮರದ ಮೇಲೆ ಕೂತು ಕಾಫಿ ಕುಡಿದದ್ದನ್ನೂ ಬೀದಿಯಲ್ಲಿ ಯಾರೂ ಕಂಡಿಲ್ಲ, ಆ ಮಾತು ಬೇರೆ. ಆಕೆ ಸದ್ದಿಲ್ಲದೆ ಒಬ್ಬ ಕಂಟ್ರಾಕ್ಟರನ್ನು ಕರೆಸಿದರು. ಹಳೆಯದನ್ನು ಕಿತ್ತು ಹೊಸದು ಹಾಕಲು ಅಂದಾಜು ಕೊಡಿ, ಕಿತ್ತೇ ಹಾಕಬೇಕು ಅಂತ ಬರೆದುಕೊಡಿ ಎಂಬ ಸೂಚನೆಯೂ ಇತ್ತು. ಆತ ಅಡಿಗೆ ನುಸುಳಿ, ಸ್ಕ್ರೂಡ್ರೈವರಲ್ಲಿ ಎಲ್ಲ ತಿವಿದು, ಲೆಡ್ಜರಿನ ಬೋಲ್ಟು ಎಣಿಸಿ, ಮೇಲೆದ್ದು ಪ್ಯಾಂಟು ಕೊಡವಿಕೊಂಡು, ಇಷ್ಟು ಚೆನ್ನಾಗಿ ನೋಡಿಕೊಂಡ ಡೆಕ್ಕನ್ನು ತನ್ನ ಕಸುಬಿನಲ್ಲೇ ಕಂಡಿಲ್ಲವೆಂದು ಸರ್ಟಿಫಿಕೇಟ್ ಕೊಟ್ಟು, ಅಂದಾಜಿಗೆ ಕಾಸೂ ತೆಗೆದುಕೊಳ್ಳದೆ ಹೋದ.

ಆ ಸಂಜೆ ಆಕೆ ನಮ್ಮ ಮನೆಗೆ ಫೋನ್ ಮಾಡಿದರು. "ಇನ್ನು ಹತ್ತು ವರ್ಷ ಏನೂ ಆಗಲ್ವಂತೆ" ಅಂದರು. ಆ ಧ್ವನಿ ಕೇಳಿ ನನ್ನ ಹೆಂಡತಿ, ಯಾರಿಗೆ ಹುಷಾರಿಲ್ಲ ಅಂತ ಗಾಬರಿಯಿಂದ ವಿಚಾರಿಸಿದಳು.