ಅಸಲಿ ಡಾಲರು, ನಕಲಿ ಪಂಡಿತ

ಪ್ರತಿ ಮನೆಯಲ್ಲೂ ಯಾರೂ ಮುಟ್ಟಬಾರದ ಡಬ್ಬವೊಂದು ಇದ್ದೇ ಇರುತ್ತದೆ. ನಿಮ್ಮ ಡಬ್ಬದಲ್ಲಿ ಸ್ಟಾಂಪುಗಳಿರಬಹುದು, ಕೆಟ್ಟು ನಿಂತ ವಾಚುಗಳಿರಬಹುದು, ಮುಳುಗಿದ ಕಂಪನಿಯ ಷೇರು ಪತ್ರಗಳಿರಬಹುದು. ನಾನೇನೂ ಕೇಳುವುದಿಲ್ಲ. ಕೈ ಚಾಚಿದರೆ ಎರಡೂ ಗೋಡೆ ಸಿಗುವ ನಮ್ಮ ಹಾಂಕಾಂಗ್ ಫ್ಲ್ಯಾಟಿನಲ್ಲಿ, ಬೀರುವಿನ ಮೇಲೆ, ಹಳೇ ಬಿಸ್ಕತ್ ಡಬ್ಬದಲ್ಲಿರುವುದು ನನ್ನ ಬೆಳ್ಳಿ ಡಾಲರುಗಳು. ಚೀನಾ ಕರಾವಳಿಯ ಚಹಾ, ರೇಷ್ಮೆ ವ್ಯಾಪಾರವೆಲ್ಲ ಒಂದು ಕಾಲಕ್ಕೆ ಇಂಥವುಗಳಲ್ಲೇ ನಡೆಯುತ್ತಿತ್ತು ಸ್ವಾಮಿ.

ಮೊದಲು ಸ್ಪೇನಿನವರ ಡಾಲರು, ಆಮೇಲೆ ಮೆಕ್ಸಿಕೋದ ಹದ್ದಿನ ಡಾಲರು. ಇವೆರಡನ್ನು ಬಿಟ್ಟು ಬೇರೆ ಯಾರು ಏನು ತಂದರೂ ಚೀನೀ ವ್ಯಾಪಾರಿ ಮೂಗು ಮುರಿಯುತ್ತಿದ್ದ. ಅದಕ್ಕೇ ಅಮೆರಿಕದವರು 1873ರಲ್ಲಿ ಟ್ರೇಡ್ ಡಾಲರ್ ಹೊರಡಿಸುವಾಗ ತೂಕ 420 ಗ್ರೇನ್, ಸಾವಿರಕ್ಕೆ 900 ಪಾಲು ಬೆಳ್ಳಿ ಅಂತ ನಾಣ್ಯದ ಮೇಲೇ ಅಚ್ಚು ಹಾಕಿಸಿದರು. 1875ರಲ್ಲಿ ಜಪಾನಿನವರೂ ಅದೇ ತೂಕದ್ದೊಂದು ತಂದರು. ಊಟಕ್ಕೆ ಬಂದವರಿಗೆಲ್ಲ ನಾನು ಎಲೆ ಹಾಕುವ ಮೊದಲೇ ಇಷ್ಟನ್ನು ಹೇಳಿ ಮುಗಿಸುತ್ತೇನೆ. ಅವರು ಹಸಿವು ತಡೆದುಕೊಂಡು ಕೇಳುತ್ತಾರೆ. ಕೊನೆಗೆ, "ಈಗ ಬೆಳ್ಳಿ ರೇಟ್ ಎಷ್ಟಿದೆ?" ಎನ್ನುತ್ತಾರೆ.

ಕೆಲವು ನಾಣ್ಯಗಳ ಮೇಲೆ ಪುಟ್ಟ ಪುಟ್ಟ ಮುದ್ರೆಗಳಿರುತ್ತವೆ. ಸರಾಫರು ಒಂದೊಂದನ್ನೂ ತೂಗಿ, ಕುಟ್ಟಿ, ಸದ್ದು ಕೇಳಿ, ಅಸಲಿ ಅನ್ನಿಸಿದರೆ ತಮ್ಮ ಅಂಗಡಿಯ ಗುರುತು ಒತ್ತುತ್ತಿದ್ದರು. ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೊರೆಸುತ್ತೇವಲ್ಲ, ಹಾಗೆ. ಕೈಯಿಂದ ಕೈಗೆ ಹೋದಂತೆಲ್ಲ ಗುರುತು ಹೆಚ್ಚಿ, ಕೊನೆಕೊನೆಗೆ ಡಾಲರು ಬಟ್ಟಲಿನಂತೆ ಕುಳಿ ಬೀಳುತ್ತಿತ್ತು. ಹಾಂಕಾಂಗಿನ ಪಾರ್ಕಿಂಗ್ ಕಟ್ಟಡಗಳಲ್ಲಿ ದುಡ್ಡು ಕಟ್ಟುವ ಕಿಂಡಿಗೆ ಇವತ್ತಿಗೂ 'ಶ್ರಾಫ್' ಅಂತಲೇ ಬೋರ್ಡು. ಅದರ ಮುಂದೆ ನಿಂತಾಗಲೆಲ್ಲ ನಾನೂ ಆ ಕುಲದವನೇ ಅನ್ನಿಸಿ ಎದೆ ಒಂದಿಂಚು ಉಬ್ಬುತ್ತದೆ. ಹಿಂದಿನ ಕಾರಿನವನು ಹಾರ್ನ್ ಹೊಡೆದ ಮೇಲೆ ಇಳಿಯುತ್ತದೆ.

ಆ ಉಬ್ಬಿದ ಎದೆ ಹೊತ್ತುಕೊಂಡೇ ಒಂದು ಭಾನುವಾರ ಅಪ್ಪರ್ ಲಾಸ್ಕರ್ ರೋಗೆ ಹೋದೆ. ಹಿಂದೆ ನಮ್ಮ ಕಡೆಯ ಹಡಗಿನಾಳುಗಳು ಬೀಡುಬಿಟ್ಟಿದ್ದ ಓಣಿ, ಈಗ ಹಳೇ ಸಾಮಾನಿನ ಸಂತೆ. ಅಲ್ಲೊಬ್ಬಳು ಮುದುಕಿ ಯುವಾನ್ ಷಿಕಾಯಿಯ ಡಾಲರು ಇಟ್ಟಿದ್ದಳು. 1914ರಲ್ಲಿ ಶುರುವಾದ ಈ ನಾಣ್ಯವನ್ನು ಚೀನೀಯರು 'ಯುವಾನನ ದೊಡ್ಡ ತಲೆ' ಅಂತಲೇ ಕರೆಯುವುದು. ಅಧ್ಯಕ್ಷನಾಗಿದ್ದ ಪುಣ್ಯಾತ್ಮ, ಅದು ಸಾಲದೆ 1915ರ ಕೊನೆಗೆ ಚಕ್ರವರ್ತಿಯಾಗಲು ಹೊರಟ. ಮಾರ್ಚಿಗೆ ಪಟ್ಟ ಬಿಟ್ಟ, ಜೂನಿಗೆ ಪ್ರಾಣವನ್ನೇ ಬಿಟ್ಟ.

ಇದನ್ನು ಪರೀಕ್ಷಿಸುವ ಕ್ರಮವೊಂದಿದೆ. ನಾಣ್ಯದ ನಡುವನ್ನು ಎರಡು ಉಗುರುಗಳ ತುದಿಯಲ್ಲಿ ಹಿಡಿದು, ಅಂಚಿಗೆ ಉಫ್ ಎಂದು ಊದಿ, ತಟಕ್ಕನೆ ಕಿವಿಗೆ ಹಿಡಿಯಬೇಕು. ಅಸಲಿ ಬೆಳ್ಳಿಯಾದರೆ ಎಳೆಯಾಗಿ ಗುಂಯ್ ಎನ್ನುತ್ತದೆ. ನಾನು ಊದಿದೆ, ಕಣ್ಣು ಮುಚ್ಚಿ ಕೇಳಿದೆ. ಗುಂಯ್ ಎಂದಿತು. ಅದು ಓಣಿಯ ತುದಿಯಲ್ಲಿ ಯಾರದೋ ಡ್ರಿಲ್ಲಿಂಗ್ ಮೆಷಿನ್ ಇದ್ದಿರಬಹುದೆಂದು ಆಗ ಹೊಳೆಯಲಿಲ್ಲ.

ಮನೆಯಲ್ಲಿ ಬೆಲೆ ಕೇಳಿದರೆ ಅರ್ಧ ಹೇಳುವುದು ಗಂಡಂದಿರ ಧರ್ಮ. ಅರ್ಧ ಹೇಳಿದೆ. ನಮ್ಮಾಕೆ ಒಲೆಯ ಮುಂದಿನಿಂದ ತಿರುಗದೆ, "ಸ್ವಲ್ಪ ಕೆಳಗೆ ಬೀಳಿಸಿ ನೋಡಿ" ಎಂದಳು. ಮೇಜಿನ ಮೇಲೆ ಬೀಳಿಸಿದೆ. ಟಪ್ ಎಂದಿತು.

"ರೀ, ಇದು ಬೆಳ್ಳಿ ಅಲ್ಲ."

"ನಿನಗೇನು ಗೊತ್ತು ಕಣೇ? ಇದು ನೂರು ವರ್ಷದ..."

"ನಮ್ಮಜ್ಜಿ ಮನೇಲಿ ಬೆಳ್ಳಿ ಲೋಟ ಉರುಳಿದ್ರೆ ಹಿತ್ತಲಿಗೆ ಕೇಳ್ತಿತ್ತು. ಇದು ಬಚ್ಚಲಿಗೂ ಕೇಳಲ್ಲ."

ಮಗಳು ಮಾತಾಡಲಿಲ್ಲ. ಫ್ರಿಜ್ಜಿನ ಮೇಲಿದ್ದ ಮೈಸೂರು ಅರಮನೆಯ ಮ್ಯಾಗ್ನೆಟ್ ಕಿತ್ತು ತಂದು ಹತ್ತಿರ ಹಿಡಿದಳು. ಚೀನಾದ ಚಕ್ರವರ್ತಿ ಎಗರಿ ಒಡೆಯರ ಅರಮನೆಗೆ ಅಂಟಿಕೊಂಡ. "ಅಪ್ಪಾ, ತಲೆ ಮಾತ್ರ ನಿನ್ನ ಥರಾನೇ ಇದೆ" ಎಂದಳು.

ಮರ್ಯಾದೆ ಉಳಿಸಿಕೊಳ್ಳಲು ಇತಿಹಾಸದ ಪ್ರವಾಸ ಏರ್ಪಡಿಸಿದೆ. ಕಾಸ್ವೇ ಬೇಯಲ್ಲಿ 1866ರಲ್ಲಿ ಬ್ರಿಟಿಷರ ಟಂಕಸಾಲೆ ಶುರುವಾಗಿತ್ತು. ವಿಕ್ಟೋರಿಯಾ ರಾಣಿಯ ಮುಖದ ಡಾಲರು ಅಚ್ಚಾಗುತ್ತಿತ್ತು. ಯಾರೂ ಮೂಸಿ ನೋಡದೆ, ಖರ್ಚೂ ಹುಟ್ಟದೆ, 1868ಕ್ಕೇ ಬೀಗ ಬಿತ್ತು. ಯಂತ್ರಗಳು ಜಪಾನಿನ ಪಾಲಾಗಿ, 1871ರಲ್ಲಿ ತೆರೆದ ಒಸಾಕಾ ಟಂಕಸಾಲೆ ಸೇರಿದವು. ಜಾಗದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಆ ರಸ್ತೆ ಇಂದಿಗೂ ಷುಗರ್ ಸ್ಟ್ರೀಟ್.

"ಎಲ್ರೀ ಟಂಕಸಾಲೆ?"

"ಇಲ್ಲೇ ಇತ್ತು."

"ಸಕ್ಕರೆ ಕಾರ್ಖಾನೆ?"

"ಅದೂ ಇತ್ತು."

ಸುತ್ತ ಇದ್ದದ್ದು ಅಂಗಡಿಗಳು. ಅವಳಿಗೊಂದು ಚಪ್ಪಲಿ, ಮಗಳಿಗೊಂದು ಬೂಟು, ಹೊರಲು ನಾನು. ಆ ಟಂಕಸಾಲೆಯ ಬಗ್ಗೆ ನನಗೆ ಅಂದಿನಿಂದ ಒಂಥರಾ ಬಂಧುಪ್ರೀತಿ.

ತಮ್ಮದು ಮುಚ್ಚಿಹೋಯಿತು, ಮೆಕ್ಸಿಕೋ ಡಾಲರು ಸಾಕಾಗುತ್ತಿಲ್ಲ, ಏನು ಮಾಡಬೇಕು? 1895ರಿಂದ ಬ್ರಿಟಿಷರು ಹಾಂಕಾಂಗಿಗೂ ಮಲಯದ ವಸಾಹತುಗಳಿಗೂ ಬೇಕಾದ ಡಾಲರನ್ನು ನಮ್ಮ ಮುಂಬೈ, ಕಲ್ಕತ್ತೆಗಳಲ್ಲಿ ಅಚ್ಚು ಹಾಕಿಸತೊಡಗಿದರು. ಡಬ್ಬದಲ್ಲಿ ನಮ್ಮಾಕೆಯ ಕಿವಿಯಿಂದ ಪಾಸಾದದ್ದು ಅಂಥದ್ದೊಂದೇ. ಗುರಾಣಿ ಹಿಡಿದು ನಿಂತ ಬ್ರಿಟಾನಿಯಾ, ಬಲಗೈಯಲ್ಲಿ ತ್ರಿಶೂಲ, ಅದರ ನಡುಮೊನೆಯಲ್ಲಿ ಎಳ್ಳಿಗಿಂತ ಸಣ್ಣ 'ಬಿ' ಅಕ್ಷರ, ಅಂದರೆ ಬಾಂಬೆ. ನವರಾತ್ರಿಗೆಂದು ಮೈಸೂರಿಂದ ಬಂದಿದ್ದ ಅತ್ತೆಯವರು, ನಾನು ಭೂತಗನ್ನಡಿಯಲ್ಲಿ ಆ 'ಬಿ' ಹುಡುಕುವಾಗ ಹಿಂದೆ ಬಂದು ನಿಂತರು.

"ಯಾರಿದು?"

"ಬ್ರಿಟಾನಿಯಾ, ಅತ್ತೆ. ಹುಟ್ಟಿದ್ದು ನಮ್ಮ ಮುಂಬೈನಲ್ಲೇ."

"ಬಿಸ್ಕತ್ತಿನವಳಾ? ಅದಕ್ಕೇ ಡಬ್ಬದಲ್ಲಿ ಇಟ್ಟಿದೀರಾ?" ಎಂದು ಕನ್ನಡಕ ಸರಿಮಾಡಿಕೊಂಡು ನೋಡಿದರು. ಕೆನ್ನೆ ಕೆನ್ನೆ ಬಡಿದುಕೊಂಡರು. "ತ್ರಿಶೂಲ ಹಿಡ್ಕೊಂಡಿದಾಳಲ್ರೀ! ಸಾಕ್ಷಾತ್ ಚಾಮುಂಡಿ!"

"ಹಿಂದೆ ಹಡಗಿದೆ ನೋಡಿ, ಅತ್ತೆ."

"ಮಹಿಷಾಸುರ ಸಮುದ್ರಕ್ಕೆ ಓಡಿರ್ತಾನೆ, ಅಟ್ಟಿಸ್ಕೊಂಡು ಬಂದಿದಾಳೆ."

ಹಿಂಬದಿಯ ಚೀನೀ ಅಕ್ಷರ, ಅರಬ್ಬಿ ಲಿಪಿಯ ಮಲಯ್ ಬರಹ ತೋರಿಸಿದೆ. ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ ಎಂದರು.

ಹಳೇ ಬೆಳ್ಳಿ ನಾಣ್ಯವನ್ನು ತೊಳೆಯಬಾರದು. ಕಾಲ ಕೂರಿಸಿದ ಆ ಕಪ್ಪು ಛಾಯೆಗೇ ಬೆಲೆ, ಉಜ್ಜಿದರೆ ಗೀರು ಬಿದ್ದು ಸಂಗ್ರಾಹಕರು ತಿರುಗಿಯೂ ನೋಡುವುದಿಲ್ಲ. ಇದನ್ನು ಹೇಳಲು ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬ್ರಿಟಾನಿಯಾಳಿಗೂ ಹುಣಸೆಹಣ್ಣಿನ ಸ್ನಾನವಾಗಿ, ವಿಭೂತಿಯಲ್ಲಿ ಉಜ್ಜಿಸಿಕೊಂಡು, ಕುಂಕುಮ ಇಟ್ಟುಕೊಂಡು ದೇವರ ಮುಂದೆ ಥಳಥಳ ಕೂತಿದ್ದಳು. "ಅಳಿಯಂದಿರೇ, ಎಷ್ಟು ಕೊಳೆ ಇತ್ತು ಗೊತ್ತಾ?" ಎಂದರು ಅತ್ತೆ. ನಾನು ಮಂಗಳಾರತಿ ತೆಗೆದುಕೊಂಡೆ.

ವಿಜಯದಶಮಿ ಕಳೆದು ಅತ್ತೆ ಹೊರಟು ನಿಂತಾಗ ನಾಣ್ಯ ಅವರ ಕುಂಕುಮದ ಭರಣಿಯಲ್ಲಿತ್ತು. "ಮುಂಬೈಯವಳು ಅಂತ ನೀವೇ ಹೇಳಿದ್ರಲ್ಲ, ಪರದೇಶದಲ್ಲಿ ಯಾಕೆ ಪಾಪ? ನಮ್ಮ ದೇವರ ಕೋಣೇಲಿ ಇರ್ಲಿ. ಆದ್ರೆ ಒಂಟಿಯಾಗಿ ಇಡಬಾರದು, ಜೋಡಿಗೆ ಇನ್ನೊಂದು ಬೇಕು. ಇದಕ್ಕೆಷ್ಟು ಕೊಟ್ರಿ ಹೇಳಿ, ಇಟ್ಟು ಹೋಗ್ತೀನಿ."

ಬಾಗಿಲಲ್ಲಿ ನಮ್ಮಾಕೆ ಕೈಕಟ್ಟಿ ನಿಂತಿದ್ದಳು. ಅವಳಿಗೆ ಅಂದು ಹೇಳಿದ್ದ ಬೆಲೆಯನ್ನೇ ಹೇಳಿದೆ. ಅತ್ತೆ ಪರ್ಸಿನಿಂದ ಅಷ್ಟನ್ನೂ ಎಣಿಸಿ ಕೈಗಿಟ್ಟು, ಹೊಸದರ ಮೇಲೆ ಒಂದೂ ಮುದ್ರೆ ಇರಕೂಡದು ಎಂದು ಹೇಳಿ ಲಿಫ್ಟ್ ಹತ್ತಿದರು.