ಬಾಯಿಗೂಡಿದ ಮೈಕ್ರೋಮೀಟರು

ಹಳೆಯ ಮೈಕ್ರೋಮೀಟರಿನ ವಯಸ್ಸು ಕೇಳುವವರಲ್ಲಿ ಎರಡು ಬಗೆ. ಮೊದಲನೆಯವರು ಅಕ್ಕಲಕೋಟೆಯ ಸಂಸ್ಥಾನದ ಶಸ್ತ್ರಾಗಾರ ನೋಡಿಬಂದ ಗುಂಗಿನವರು. ಅಲ್ಲಿ ಕತ್ತಿ ಹರಿತವಿದೆಯೇ ಎಂದು ಯಾರೂ ಬೆರಳಿಟ್ಟು ನೋಡುವುದಿಲ್ಲ, ಯಾವ ಕಾಲದ್ದು ಎಂದು ಗೊತ್ತಾದರೆ ಸಾಕು. ಎರಡನೆಯವರು ಸೊಲ್ಲಾಪುರದ ಅಕ್ಕಲಕೋಟ ರೋಡ್ ಎಂಐಡಿಸಿಯಲ್ಲಿ ಲೇತ್ ಹಾಕಿಕೊಂಡವರು. ಅವರಿಗೆ ಇತಿಹಾಸ ಬೇಕಿಲ್ಲ. ನಾಳೆ ಬೆಳಿಗ್ಗೆ ಶಾಫ್ಟು ಬೇರಿಂಗಿನೊಳಗೆ ಸರಿಯಾಗಿ ಕೂತರೆ ಆಯಿತು. ತಮಾಷೆಯೆಂದರೆ, ಗುಜರಿ ಅಂಗಡಿಯ ಮುಂದೆ ನಿಂತಾಗ ಈ ಎರಡನೆಯವರೂ ಮೊದಲನೆಯವರ ಪ್ರಶ್ನೆಯನ್ನೇ ಕೇಳುತ್ತಾರೆ: “ಎಷ್ಟನೇ ಇಸವೀದು?” ಅಂಗಡಿಯವನು ಇದಕ್ಕೇ ಕಾದಿರುತ್ತಾನೆ. “ಜೂನಿ ಮಿಲ್ಲಿನ ಮಾಲ್ ಐತ್ರೀ ಸಾಹೇಬ್ರ, ಅಸಲಿ ಇಂಗ್ಲಂಡ್!” ಎಂದು ರೇಟು ಏರಿಸುತ್ತಾನೆ. ಇಸವಿ ಹುಡುಕುವುದು ಸುಖದ ಕೆಲಸ, ಹುಡುಕಬಾರದೆಂದು ನಾನೆನ್ನುವುದಿಲ್ಲ. ಆದರೆ ಆ ಇಸವಿಗೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಕೂಡದು ಎಂಬುದು ನನ್ನ ವಾದ.

ಮೊದಲು ಸುಖದ ಕೆಲಸ. ಸೊಲ್ಲಾಪುರದಲ್ಲಿ ಜೂನಿ ಮಿಲ್ ಶುರುವಾದದ್ದು 1877ರಲ್ಲಿ. ಮಿಲ್ಲುಗಳೇನೋ ಮುಚ್ಚಿದವು, ‘ಮಿಲ್ಲಿನ ಮಾಲು’ ಮಾತ್ರ ಇನ್ನೂ ಮೂರು ಪಾಳಿಯಲ್ಲಿ ತಯಾರಾಗುತ್ತಿದೆಯೇನೋ ಎನ್ನುವಷ್ಟು ಸಿಗುತ್ತದೆ. ಕೈಯಲ್ಲಿ ಹಿಡಿಯುವ ಸ್ಕ್ರೂ ಮೈಕ್ರೋಮೀಟರಿಗೆ ಫ್ರಾನ್ಸಿನ ಪಾಮರ್ ಪೇಟೆಂಟು ಪಡೆದದ್ದು 1848ರಲ್ಲಿ. ಶೆಫೀಲ್ಡಿನ ಮೂರ್ ಅಂಡ್ ರೈಟ್ ಕಂಪನಿ ಹುಟ್ಟಿದ್ದು 1906ರಲ್ಲಿ, ಜಪಾನಿನ ಮಿಟುಟೋಯೋ 1934ರಲ್ಲಿ. ಆದ್ದರಿಂದ ಮಿಟುಟೋಯೋ ತೋರಿಸಿ ಮೊದಲ ಮಹಾಯುದ್ಧದ ಕಾಲದ್ದು ಎಂದವನಿಗೆ ನಮಸ್ಕಾರ ಹೇಳಿ ಹೊರಡಬಹುದು. ಫ್ರೇಮಿನ ಮೇಲೆ ಪಶ್ಚಿಮ ಜರ್ಮನಿ ಎಂದಿದ್ದರೆ 1949ರಿಂದ 1990ರೊಳಗಿನದು. ಸೋವಿಯತ್ ಒಕ್ಕೂಟದ ಹೆಸರಿದ್ದರೆ 1991ಕ್ಕಿಂತ ಈಚಿನದಲ್ಲ. ದೇಶಗಳು ಒಡೆದು ಕೂಡಿ ನಮಗೆ ಇಷ್ಟಾದರೂ ಉಪಕಾರ ಮಾಡಿವೆ. ಪೇಟೆಂಟಿನ ತಾರೀಖು ಕೊರೆದಿದ್ದರೆ ಹಿಗ್ಗಬೇಡಿ, ಅದು ಪೇಟೆಂಟು ಸಿಕ್ಕ ದಿನವೇ ಹೊರತು ಆ ಮಾಲು ತಯಾರಾದ ದಿನವಲ್ಲ. ಇಂಚಿನ ಗೆರೆಗಳಿವೆ, ಹಾಗಾಗಿ ಭಾರತದಲ್ಲಿ ಮೆಟ್ರಿಕ್ ಕಾಯಿದೆ ಬಂದ 1956ಕ್ಕಿಂತ ಹಳೆಯದು ಎನ್ನುವ ತರ್ಕವೂ ನಿಲ್ಲದು. ಅಮೆರಿಕದವರಿಗಾಗಿ ಇಂಚಿನವು ಇಂದಿಗೂ ತಯಾರಾಗುತ್ತವೆ. ಡಬ್ಬಿಯ ಚೀಟಿಯಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟಿನಿಂದ ಈಚಿನದು. ಮುಂಬಯಿ ಎಂದಿಲ್ಲದೆ ಬಾಂಬೆ ಎಂದಿದ್ದರೆ ಬಹುಶಃ 1995ರ ಹಿಂದಿನದು. ಇದೆಲ್ಲ ಡಬ್ಬಿಯ ಜಾತಕ. ಒಳಗಿರುವುದು ಅದೇ ಡಬ್ಬಿಯಲ್ಲಿ ಹುಟ್ಟಿದ್ದೆಂದು ಸಾಕ್ಷಿ ಹೇಳುವವರು ಯಾರು?

ಇಷ್ಟೆಲ್ಲ ಪತ್ತೆದಾರಿಕೆ ಮಾಡಿ ಇಸವಿ ಸಿಕ್ಕಿತು ಎನ್ನೋಣ. ಸಿಕ್ಕಿ ಏನು ಬಂತು? ದನದ ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ಎರಡು ಹಲ್ಲು, ನಾಲ್ಕು ಹಲ್ಲು ಎಂದು ವಯಸ್ಸು ಹೇಳುತ್ತಾರೆ. ಬಾಯಿಗೂಡಿದ ಮೇಲೆ ಆ ಲೆಕ್ಕ ಮುಗಿಯಿತು, ಆಮೇಲೆ ನೋಡುವುದು ಎತ್ತು ಎಷ್ಟು ದುಡಿದಿದೆ ಎಂಬುದನ್ನು. ನಮ್ಮ ಗುಜರಿಗೆ ಬರುವ ಮೈಕ್ರೋಮೀಟರುಗಳೆಲ್ಲ ಬಾಯಿಗೂಡಿದವೇ. ಮೈಕ್ರೋಮೀಟರಿನ ಪ್ರಾಣವಿರುವುದು 0.5 ಮಿ.ಮೀ. ಪಿಚ್ಚಿನ ಒಂದು ಸ್ಕ್ರೂವಿನಲ್ಲಿ. ಬೆರಳಲ್ಲಿ ತಿರುಗಿಸುವ ಥಿಂಬಲ್ ಸುತ್ತ 50 ಗೆರೆ, ಒಂದು ಗೆರೆಗೆ 0.01 ಮಿ.ಮೀ. ಸ್ಕ್ರೂ ಉದ್ದಕ್ಕೂ ಸಮನಾಗಿ ಸವೆದರೆ ಚಿಂತೆಯಿಲ್ಲ, ಆದರೆ ಅದು ಸವೆಯುವುದು ಹಾಗಲ್ಲ. ಕ್ಯಾಮ್‌ಶಾಫ್ಟಿಗೆ ಹೆಸರಾದ ಊರು ನಮ್ಮ ಸೊಲ್ಲಾಪುರ. ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ 1992ರಿಂದ ಇಲ್ಲಿದೆ, ಸುತ್ತ ಲೆಕ್ಕವಿಲ್ಲದಷ್ಟು ಚಿಕ್ಕ ವರ್ಕ್‌ಶಾಪುಗಳಿವೆ. ಯಾವುದೋ ಒಂದು ಶಾಪಿನಲ್ಲಿ ವರ್ಷಗಟ್ಟಲೆ 18 ಮಿ.ಮೀ. ಜಾಬನ್ನೇ ಅಳೆದ ಮೈಕ್ರೋಮೀಟರು 18ರ ಆಸುಪಾಸಿನಲ್ಲಿ ಸೋತಿರುತ್ತದೆ, ಉಳಿದ ಕಡೆ ಮದುವೆಗಂಡಿನ ಹಾಗಿರುತ್ತದೆ. ಐದು ವರ್ಷದ್ದಾದರೂ ಅದು ಮುದಿ. ಟೂಲ್‌ರೂಮಿನ ಬೀರುವಿನಲ್ಲಿ ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದ ಐವತ್ತು ವರ್ಷದ್ದು ತರುಣ.

ಅಂಗಡಿಯವನು ಇದಕ್ಕೆ ಕೊಡುವ ಉತ್ತರ ಒಂದೇ: ಬಾಯಿ ಮುಚ್ಚಿ ಸೊನ್ನೆ ತೋರಿಸುವುದು. ಸೊನ್ನೆ ಸರಿ ಇರಲೇಬೇಕು, ಯಾಕೆಂದರೆ ಡಬ್ಬಿಯಲ್ಲಿರುವ ಕೊಕ್ಕೆ ಪಾನಾದಿಂದ ಸ್ಲೀವ್ ತುಸು ತಿರುಗಿಸಿದರೆ ಎಂಥ ಸುಳ್ಳು ಮೈಕ್ರೋಮೀಟರೂ ಸೊನ್ನೆಯಲ್ಲಿ ಹರಿಶ್ಚಂದ್ರನಾಗುತ್ತದೆ. ಸಡಿಲಿದ್ದರೆ ನಟ್ ಬಿಗಿ ಮಾಡಿಕೊಡುತ್ತೇನೆ ಎಂದೂ ಅಂದಾನು. ಮಾಡಲಿ. ಸವೆದ ನಡುಭಾಗಕ್ಕೆ ಸರಿಹೋಗುವಂತೆ ಬಿಗಿ ಮಾಡಿದರೆ ಸವೆಯದ ತುದಿಗಳಲ್ಲಿ ಸ್ಪಿಂಡಲ್ ಹಿಡಿದುಕೊಳ್ಳುತ್ತದೆ. ಆದ್ದರಿಂದ 0ರಿಂದ 25ರವರೆಗೆ ಎರಡೇ ಬೆರಳಲ್ಲಿ ನಿಧಾನ ತಿರುಗಿಸುತ್ತ ಹೋಗಬೇಕು. ಎಲ್ಲಿ ಜಾರಿತು, ಎಲ್ಲಿ ತಡೆಯಿತು ಎಂದು ಬೆರಳಿಗೇ ತಿಳಿಯುತ್ತದೆ. ಪಕ್ಕಾ ಪರೀಕ್ಷೆಗೆ ಸ್ಲಿಪ್ ಗೇಜು, ಅಂದರೆ ನಿಖರ ಅಳತೆಯ ಉಕ್ಕಿನ ತುಂಡುಗಳು, ಬೇಕು. ಮೈಕ್ರೋಮೀಟರು ಪರೀಕ್ಷಿಸಲೆಂದೇ ಇರುವ ಸೆಟ್ಟಿನಲ್ಲಿ 5.1, 7.7, 10.3, 12.9 ಎಂಬ ವಿಚಿತ್ರ ಅಂಕಿಗಳಿರುವುದು ಥಿಂಬಲ್ ಪ್ರತಿ ಸಲ ಬೇರೆ ಗೆರೆಯಲ್ಲಿ ನಿಲ್ಲಲೆಂದೇ. ಗುಜರಿ ಅಂಗಡಿಗೆ ಸ್ಲಿಪ್ ಗೇಜ್ ಯಾರು ಒಯ್ಯುತ್ತಾರೆ ಎಂಬ ಆಕ್ಷೇಪ ಒಪ್ಪತಕ್ಕದ್ದೇ. ಹಾಗಿದ್ದರೆ ಒಳ್ಳೆಯ ಕಂಪನಿಯ ಹೊಸ ಬೇರಿಂಗುಗಳನ್ನು ಜೇಬಿಗೆ ಹಾಕಿಕೊಂಡು ಹೋಗಿ: 623, 624, 625, 626, 608. ಹೊರಸುತ್ತಿನ ಅಳತೆ ಕ್ರಮವಾಗಿ 10, 13, 16, 19, 22 ಮಿ.ಮೀ., ಕಮ್ಮಿಯಾದರೆ 8–9 ಮೈಕ್ರಾನ್, ಹೆಚ್ಚಂತೂ ಇಲ್ಲ. 608 ಹಿಡಿದಾಗ 22.02 ಬಂದರೆ ಸುಳ್ಳು ಹೇಳುತ್ತಿರುವುದು ಬೇರಿಂಗಲ್ಲ. ಎಲ್ಲವೂ ಇಡಿ ಅಂಕಿಗಳಾದ್ದರಿಂದ ಥಿಂಬಲ್ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ, ಅದೊಂದು ಕೊರತೆ. ಆಮೇಲೆ ಒಂದು ಚಿಕ್ಕ ಉಕ್ಕಿನ ಗುಂಡನ್ನು ಮುಖಗಳ ನಡುವೆ ಮಧ್ಯದಲ್ಲಿ, ಮತ್ತೆ ನಾಲ್ಕು ಅಂಚಿನಲ್ಲಿ ಹಿಡಿದು ನೋಡಿ. ಅಳತೆ ಜಾಗಕ್ಕೊಂದು ಬಂದರೆ ಮುಖ ಡೊಂಕು.

ಇನ್ನೊಂದು ಆಕ್ಷೇಪ ಪಂಡಿತರದು: ಅಳತೆಯೆಲ್ಲ 20 ಡಿಗ್ರಿಯಲ್ಲಿ ಆಗಬೇಕೆಂದು 1931ರಲ್ಲೇ ನಿಗದಿಯಾಗಿದೆ, ಸೊಲ್ಲಾಪುರದ ಮೇ ತಿಂಗಳಲ್ಲಿ ಈ ಪರೀಕ್ಷೆಗೇನು ಅರ್ಥ? 40 ಡಿಗ್ರಿಯಲ್ಲಿ 25 ಮಿ.ಮೀ. ಉಕ್ಕು ಸುಮಾರು 6 ಮೈಕ್ರಾನ್ ಹಿಗ್ಗುವುದು ನಿಜ. ಆದರೆ ಮೈಕ್ರೋಮೀಟರೂ ಉಕ್ಕು, ಬೇರಿಂಗೂ ಉಕ್ಕು. ಒಂದೇ ಬಿಸಿಲಿನಲ್ಲಿ ಇಬ್ಬರೂ ಸಮ ಬೆವರುತ್ತಾರೆ. ತಕರಾರು ಬರುವುದು ಅಲ್ಯುಮಿನಿಯಂ ಅಳೆಯುವಾಗ, ಅಥವಾ ಫ್ರೇಮನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅರ್ಧ ಗಂಟೆ ರೇಟು ಚೌಕಾಸಿ ಮಾಡಿದಾಗ. ಇಷ್ಟೆಲ್ಲ ಗೋಳು ಯಾಕೆ, ಹೊಸ ಡಿಜಿಟಲ್ ತರಬಾರದೇ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ. ದುಡ್ಡಿದ್ದವರು ತರಲಿ, ಬ್ಯಾಟರಿಯನ್ನೂ ಜೊತೆಗೆ ತರಲಿ. ಹಳೆಯದನ್ನೇ ಕೊಳ್ಳುವವರು ಕೊನೆಗೆ ಫ್ರೇಮಿನ ಒಳಬಾಗನ್ನೊಮ್ಮೆ ಬೆಳಕಿಗೆ ಹಿಡಿಯಲಿ. ಅಲ್ಲಿ ಕಚ್ಚಿದ ಗಾಯಗಳಿದ್ದರೆ ಯಾರೋ ಪುಣ್ಯಾತ್ಮ ಅದನ್ನು ಕ್ಲ್ಯಾಂಪಿನಂತೆ ಬಳಸಿದ್ದಾನೆ ಎಂದು ತಿಳಿಯಬೇಕು. ಅಂಥದ್ದನ್ನೂ ಬಿಡಬೇಕಾಗಿಲ್ಲ, ಕ್ಲ್ಯಾಂಪಿನ ಬೆಲೆಗೆ ಕೇಳಿ; ಹಿಡಿತ ಮಾತ್ರ ಬಲು ಗಟ್ಟಿಯಾಗಿರುತ್ತದೆ.